ನನ್ನ ತಮ್ಮ ಒತ್ತದ ಬ್ರೇಕು

ನನ್ನ ತಮ್ಮ ಬ್ರೇಕ್ ಒತ್ತಲಿಲ್ಲ. ನಡೆದದ್ದು ಇಷ್ಟೇ. ಸಂಡೂರಿನಿಂದ ಹೊಸಪೇಟೆಗೆ ಬರುವ ರಸ್ತೆಯಲ್ಲಿ ಲಾರಿಯಿಂದ ಜಾರಿದ ಅದಿರಿನ ಕಲ್ಲೊಂದು ಬಿದ್ದಿತ್ತು. ಕಾರಿನ ಎಡಗಡೆಯ ಮುಂದಿನ ಚಕ್ರ ಹೋಗಿ ಅದಕ್ಕೆ ತಾಗಿತು. ಕಾರು ಒಮ್ಮೆ ಕುಲುಕಿತು, ಸ್ವಲ್ಪ ಮುಂದೆ ಹೋಗಿ ನಿಂತಿತು. ಹಿಂದಿನ ಸೀಟಿನಲ್ಲಿ ನಾನೇ ಕುಳಿತಿದ್ದೆ. ನನ್ನ ಮಡಿಲಲ್ಲಿದ್ದ ಎಲೆ ಅಡಿಕೆ ಚೀಲ ಕೂಡ ಕೆಳಗೆ ಬೀಳಲಿಲ್ಲ. ಅಂಥ ದೊಡ್ಡ ಏಟು ಅದು!

ಆದರೆ ನನ್ನ ತಮ್ಮನನ್ನು ಕೇಳಿ ನೋಡಿ. “ಒತ್ತಿದೆ, ಹಿಡೀಲಿಲ್ಲ” ಎನ್ನುತ್ತಾನೆ. ಹಿಡಿಯದಿದ್ದರೆ ಆಮೇಲೆ ಕಾರು ಹೇಗೆ ನಿಂತಿತು ಎಂದು ಕೇಳಿದರೆ, “ಅದನ್ನ ನೋಡಬೇಕಾಗೈತಿ” ಎನ್ನುತ್ತಾನೆ. ಅದನ್ನು ನೋಡುವುದರಲ್ಲಿ ಹೊಸಪೇಟೆಯ ನಮ್ಮ ಓಣಿಗೆ ಓಣಿಯೇ ಕೆಲಸ ಬಿಟ್ಟು ಕುಳಿತಿತು. ಎಷ್ಟೋ ಮನೆಗಳಲ್ಲಿ ಸಾರು ತಳ ಹಿಡಿಯಿತು.

ಅವನ ಹೆಸರು ಬರೆಯುವುದಿಲ್ಲ. ಬರೆದರೆ ಜಗಳಕ್ಕೆ ಬರುತ್ತಾನೆ. ಬರೆಯದಿದ್ದರೂ ಕಂಪ್ಲಿಯವರಿಗೆ ಗೊತ್ತಾಗುತ್ತದೆ. ಮರದ ಕೋಲನ್ನು ಕಿವಿಗೆ ಹಚ್ಚಿಕೊಂಡು ಮೆಷಿನ್ನಿನ ಜೊತೆ ಸಂಸಾರದ ಮಾತಾಡುವ ರೈಸ್ ಮಿಲ್ ಸಾಹುಕಾರ ಆ ಊರಿನಲ್ಲಿ ಇನ್ನೊಬ್ಬನಿಲ್ಲ. ದಿನಾ ಬೆಳಿಗ್ಗೆ ಮಿಲ್ಲು ಶುರುವಾದ ಕೂಡಲೆ ಕೋಲಿನ ಒಂದು ತುದಿಯನ್ನು ಬೇರಿಂಗಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಒಳಗಿನ ಸದ್ದು ಬದಲಾದರೆ ಬೇರಿಂಗು ಕೆಡುವುದಿದೆ ಎಂದು ಅರ್ಥವಂತೆ. ಕೇಳಿದ ಮೇಲೆ ಬೇರಿಂಗಿನ ಮೇಲೆ ಅಂಗೈ ಇಟ್ಟು, “ಜ್ವರ ಇಲ್ಲ” ಎನ್ನುತ್ತಾನೆ. ಹೆಂಡತಿಗೆ ಜ್ವರ ಬಂದಾಗಲೂ ಅವನು ಅಷ್ಟು ಹೊತ್ತು ಕೈ ಇಟ್ಟು ನೋಡಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಗುಣ. ಬೇಗ ಹೇಳಿದ ಮಾತನ್ನು ಅವನು ನಂಬುವುದಿಲ್ಲ. ಒಮ್ಮೆ ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೋದ. ಅವರು ಹೊಟ್ಟೆ ಒತ್ತಿ ನೋಡಿ, ಗ್ಯಾಸು, ಬೇರೆ ಏನೂ ಇಲ್ಲ ಎಂದರು. ಇಷ್ಟು ಬೇಗ ಹೇಳಿದರೆಂದರೆ ನೋಡಿಯೇ ಇಲ್ಲ ಎಂದುಕೊಂಡು ಬಳ್ಳಾರಿಗೆ ಹೋದ. ಅಲ್ಲಿಯವರು ದಿನವಿಡೀ ಕೂರಿಸಿ, ರಕ್ತ ತೆಗೆದು, ಎಕ್ಸ್‌ರೇ ತೆಗೆದು, ಸಂಜೆಗೆ ಗ್ಯಾಸು ಎಂದರು. ಆಗ ನಂಬಿದ. ಅಷ್ಟರಲ್ಲಿ ಹೊಟ್ಟೆನೋವು ಬೇಸತ್ತು ತಾನೇ ಹೋಗಿತ್ತು.

ಇಂಥವನ ಕೈಗೆ ಕಾರು ಹೇಗೆ ಬಂತು ಎಂದು ನೀವು ಕೇಳಬಹುದು. ಅದು ಮೈನ್ಸಿನ, ಅಂದರೆ ಅದಿರಿನ ಗಣಿಗಳ ಕಾಲ. ಹೊಸಪೇಟೆಯಲ್ಲಿ ಸೈಕಲ್ ಪಂಕ್ಚರಿಗೆ ಚೌಕಾಸಿ ಮಾಡುತ್ತಿದ್ದವರೆಲ್ಲ ಇದ್ದಕ್ಕಿದ್ದಂತೆ ಕಾರಿನಿಂದ ಇಳಿಯತೊಡಗಿದರು. ಹಗಲು ರಾತ್ರಿ ಅದಿರಿನ ಲಾರಿ. ಒಣಹಾಕಿದ ಸೀರೆ ಕೆಂಪು, ಮಾಳಿಗೆ ಮೇಲಿನ ಹಪ್ಪಳ ಕೆಂಪು. ಹಿತ್ತಲಿನ ಕರಿಬೇವನ್ನು ಒಗ್ಗರಣೆಗೆ ಹಾಕುವ ಮೊದಲು ಬಟ್ಟೆ ಒಗೆದ ಹಾಗೆ ಒಗೆಯಬೇಕಿತ್ತು. ಯಾರ್‍ಯಾರಿಗೋ ಏನೇನೋ ಸಿಕ್ಕಿತು. ನನ್ನ ತಮ್ಮನಿಗೆ ಮಾತ್ರ ಮೈನ್ಸಿನ ಒಂದು ಕಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಆಮೇಲೆ, ಚಕ್ರಕ್ಕೆ.

ಮೈನ್ಸಿನವರೊಬ್ಬರು ದೊಡ್ಡ ಗಾಡಿ ತೆಗೆದುಕೊಂಡು ಚಿಕ್ಕದನ್ನು ಮಾರುವವರಿದ್ದರು. ಅದನ್ನು ಇವನು ತಂದ. ಬಿಳಿ ಕಾರು. ಸಂಡೂರಿಗೆ ಒಂದು ಸಲ ಹೋಗಿಬಂದದ್ದೇ ಕಾವಿ ಉಟ್ಟುಕೊಂಡಿತು.

ತಂದದ್ದು ಷೋಕಿಗಲ್ಲ. ಅವನಿಗೆ ಒಬ್ಬಳೇ ಮಗಳು. ಅವಳು ಲಂಗ ಹಾಕುವ ವಯಸ್ಸಿನಲ್ಲಿದ್ದಾಗಲೇ ಅವನ ಹೆಂಡತಿ ತೀರಿಕೊಂಡಳು. ಜಡೆ ಹೆಣೆಯುವುದನ್ನು ಇವನೇ ಕಲಿತ. ಮಿಲ್ಲಿನ ಬೆಲ್ಟು ಬಿಗಿದ ಹಾಗೆ ಬಿಗಿಯುತ್ತಿದ್ದ. ಸಂಜೆ ಅದನ್ನು ಬಿಚ್ಚಲು ಕಂಪ್ಲಿಯ ಅವರ ಓಣಿಯ ಹೆಂಗಸರು ಸರದಿಯಲ್ಲಿ ಕೂರಬೇಕಾಗುತ್ತಿತ್ತು. ಆ ಮಗಳನ್ನು ಸಂಡೂರಿಗೆ ಕೊಟ್ಟಿದ್ದಾನೆ. ಈಗ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಮಗಳನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಕರೆತರುವುದಿಲ್ಲ, ಕಾರಿನಲ್ಲಿ ಕರೆತರುತ್ತೇನೆ ಎಂದು ಹಟ ಹಿಡಿದ. ತಲೆ ನರೆತ ಮೇಲೆ ಡ್ರೈವಿಂಗ್ ಕಲಿತ.

ಅದಕ್ಕೂ ಮೊದಲು ನನ್ನ ಹತ್ತಿರ ಬಂದಿದ್ದ.

“ಅಕ್ಕಾ, ಕಂಪ್ಲಿಗೆ ಬಂದು ಇರು. ಬಾಣಂತನ ಮಾಡು.”

“ನನ್ನ ಕೈಲೆ ಆಗಂಗಿಲ್ಲೋ ತಮ್ಮಾ. ಮಂಡಿ ನೋವು. ಮಾಡಿದ ಬಾಣಂತನ ಸಾಕಾಗ್ಯಾವ. ಕೂಸಿಗೆ ನೀರು ಎರೆಯೋ ಹೆಂಗಸರು ಸಿಗ್ತಾರ, ಒಬ್ಬಾಕೀನ ಗೊತ್ತು ಮಾಡ್ಕೋ.”

ಅವನು ಮತ್ತೆ ಕೇಳಲಿಲ್ಲ. ಚಹಾ ಕುಡಿದು ಹೋದ. ಯಾವುದನ್ನೂ ಎರಡು ಸಲ ನೋಡುವವನು ಅದೊಂದನ್ನು ಎರಡನೇ ಸಲ ಕೇಳಲಿಲ್ಲ.

ಮಗಳನ್ನು ಕರೆದುಕೊಂಡು ಬರುವ ದಿನ ಗೊತ್ತು ಮಾಡಲು ನಾವಿಬ್ಬರೂ ಸಂಡೂರಿಗೆ ಹೋಗಿದ್ದೆವು. ಮಗಳ ಅತ್ತೆ ಒಳ್ಳೆಯ ಹೆಂಗಸು, ಆದರೆ ಮಾತು ಕಡ್ಡಿ ಮುರಿದ ಹಾಗೆ. ಅಮಾವಾಸ್ಯೆ ಕಳೆದರೆ ಹುಡುಗಿ ಎಂಟನೇ ತಿಂಗಳಿಗೆ ಬೀಳುತ್ತಾಳೆ, ಎಂಟರಲ್ಲಿ ಬಸುರಿಯನ್ನು ದಾರಿಗೆ ಹಾಕಬಾರದು, ಕರೆದೊಯ್ಯುವುದಿದ್ದರೆ ಅಷ್ಟರೊಳಗೆ ಕರೆದೊಯ್ಯಿರಿ, ಇಲ್ಲದಿದ್ದರೆ ನಮ್ಮಲ್ಲೇ ಇರಲಿ ಎಂದರು. ಒಪ್ಪಿಕೊಂಡು ಹೊರಟೆವು. ಗುಡ್ಡದ ತಿರುವು ದಾಟಿದ ಮೇಲೆ ಆ ಕಲ್ಲು.

ತಮ್ಮ ಇಳಿದ. ಕಾರಿಗೆ ಪ್ರದಕ್ಷಿಣೆ ಹಾಕಿದ. ಹಿಂದೆ ಅದಿರಿನ ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ಇವನು ಅವಸರವಿಲ್ಲದೆ ಹಿಂದಕ್ಕೆ ನಡೆದು ಹೋಗಿ, ಆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ ತಿರುಗಿಸಿ ನೋಡತೊಡಗಿದ. ಮೊದಲ ಲಾರಿಯ ಡ್ರೈವರ್ ತಲೆ ಹೊರಗೆ ಹಾಕಿದ.

“ಯಜಮಾನ್ರ, ಕಲ್ಲು ಆರಸಾಕ ಬಂದೀರೇನ್ರಿ? ನನ್ನ ಗಾಡ್ಯಾಗ ಬೇಕಾದಷ್ಟು ಅದಾವ, ಚಲೋದು ನೋಡಿ ತಗೋರಿ.”

ತಮ್ಮ ಕಲ್ಲನ್ನು ತಂದು ಡಿಕ್ಕಿಯಲ್ಲಿ ಇಟ್ಟ. ಯಾಕೋ ಎಂದೆ. ಕಲ್ಲು ಎಷ್ಟು ಜಖಂ ಆಗಿದೆ ಎಂದು ಗೊತ್ತಾದರೆ ಚಕ್ರಕ್ಕೆ ಎಷ್ಟು ಏಟಾಗಿದೆ ಎಂದು ಗೊತ್ತಾಗುತ್ತದಂತೆ. ಆ ಕಲ್ಲು ಈಗಲೂ ನಮ್ಮ ಮನೆಯಲ್ಲಿದೆ. ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಕೂತಿದೆ. ಅದಕ್ಕೆ ಒಂದು ಗೀರೂ ಆಗಿಲ್ಲ.

ಹೊಸಪೇಟೆ ಮುಟ್ಟಿದ ಕೂಡಲೆ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ಕು ಜಾಕ್ ಕೊಟ್ಟು ಚಕ್ರ ಎತ್ತಿದ, ತಿರುಗಿಸಿದ, ಅಲುಗಿಸಿದ, ಬಿಚ್ಚಿ ಒಳಗೆ ನೋಡಿದ, ಪೆಡಲ್ ಒತ್ತಿದ. “ರಿಮ್ ಸೊಟ್ಟ ಆಗಿಲ್ಲ. ಬ್ರೇಕ್ ಆಯಿಲ್ ಸೋರಿಲ್ಲ. ಪೈಪು ಚಲೋ ಐತಿ. ಏನೂ ಆಗಿಲ್ರಿ” ಎಂದ.

ತಮ್ಮ ತನ್ನ ಕೈಯಲ್ಲಿದ್ದ ಲೋಟ ನೋಡಿದ.

“ನನ್ನ ಚಾ ಇನ್ನೂ ಆರಿಲ್ಲ. ಅಷ್ಟರಾಗ ನೋಡಿಬಿಟ್ಟಿ?”

“ಅದ್ರಾಗ ನೋಡೋದು ಅಷ್ಟ ಇರ್ತೈತ್ರಿ ಯಜಮಾನ್ರ.”

ಮುಗಿಯಿತು. ಆ ಮೆಕ್ಯಾನಿಕ್ಕು ಪಾಪ, ಚಕ್ರವನ್ನು ಸಂಜೆತನಕ ಬಿಚ್ಚಿಟ್ಟು, ಗಲ್ಲಕ್ಕೆ ಕೈ ಹಚ್ಚಿ ಕೂತು ಆಮೇಲೆ ಅದೇ ಮಾತು ಹೇಳಿದ್ದರೆ ನಮ್ಮ ಓಣಿ ಉಳಿಯುತ್ತಿತ್ತು. ಕಾರು ನಮ್ಮ ಮನೆಯ ಮುಂದೆ ಬಂದು ನಿಂತಿತು. ಬ್ರೇಕಿನ ವಿಷಯ ಬಗೆಹರಿಯುವವರೆಗೆ ಅದನ್ನು ಕಂಪ್ಲಿಗೆ ಒಯ್ಯುವುದಿಲ್ಲ, ತಾನೂ ಹೋಗುವುದಿಲ್ಲ ಎಂದು ತಮ್ಮ ನಮ್ಮ ಕಟ್ಟೆಯ ಮೇಲೆ ಬಿಡಾರ ಹೂಡಿದ.

ಮೊದಲನೆಯದು ಸದ್ದಿನ ಪರೀಕ್ಷೆ. ಬಸ್ಸಿನ ಡ್ರೈವರನ ಕೈಯಲ್ಲಿ ಹೇಳಿಕಳಿಸಿ ಕಂಪ್ಲಿಯಿಂದ ಆ ಕೋಲು ತರಿಸಿದ. ಚಕ್ರ ಎತ್ತಿಸಿ, ನನ್ನ ಮಗನ ಕೈಯಲ್ಲಿ ಅದನ್ನು ತಿರುಗಿಸಲು ಹೇಳಿ, ಕೋಲನ್ನು ಒಳಕ್ಕೆ ಒತ್ತಿ ಕಿವಿ ಕೊಟ್ಟ. ಓಣಿಯಲ್ಲಿ ಗದ್ದಲ. ಕೇಳಿಸುವುದಿಲ್ಲ ಎಂದು ಮನೆಮನೆಗೆ ಹೋಗಿ ಟೀವಿ ಆರಿಸಲು ಹೇಳಿ ಬಂದ. ಜನ ಆರಿಸಿದರು! ಧಾರಾವಾಹಿಯ ಹೊತ್ತಿನಲ್ಲಿ! ಯಾರ ಮನೆಯಲ್ಲಿ ಯಾರಿಗೆ ಏನಾಯಿತೋ ಎಂದು ಹೆಂಗಸರೆಲ್ಲ ಹೊರಗೆ ಬಂದು ನಿಂತರು. ಗಾಳಿಗೆ ಎಲೆ ಅಲುಗಿದರೂ ಕೇಳುವಂತಾಯಿತು.

“ಬರಾಕತ್ತೈತಿ,” ಎಂದ ತಮ್ಮ, ಕಣ್ಣು ಮುಚ್ಚಿಕೊಂಡೇ. “ಒಳಗ ಬಡೀತೈತಿ. ಟಕ್, ಟಕ್, ಟಕ್. ಚಕ್ರ ನಿಲ್ಲಸಲೇ.”

ಮಗ ಚಕ್ರ ನಿಲ್ಲಿಸಿದ.

“ನಿಂತ ಮ್ಯಾಲೂ ಬಡೀತೈತಲ್ಲೋ,” ಎಂದ ತಮ್ಮ. ಅವನ ಮುಖ ಬಿಳಿಚಿಕೊಂಡಿತು.

ಕಟ್ಟೆಯ ಮೇಲೆ ಕೂತು ನಾನು ಅಡಿಕೆ ಕುಟ್ಟುತ್ತಿದ್ದೆ. ಹಲ್ಲಿಲ್ಲದವರು ಇನ್ನೇನು ಮಾಡಬೇಕು? ಕುಟ್ಟುವುದನ್ನು ನಿಲ್ಲಿಸಿದೆ. ಬ್ರೇಕಿನ ಸದ್ದೂ ನಿಂತಿತು.

ಎರಡನೆಯದು ಸೋರುವ ಪರೀಕ್ಷೆ. ಮೆಕ್ಯಾನಿಕ್ಕು ನೋಡಿದಾಗ ಸೋರಿರಲಿಕ್ಕಿಲ್ಲ, ಸಾವಕಾಶವಾಗಿ ಸೋರುವ ಜಾತಿಯದಾದರೆ? ತನ್ನ ಒಗೆದ ಬಿಳಿ ಪಂಚೆಯನ್ನು ಚಕ್ರದ ಕೆಳಗೆ ಹಾಸಿ ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ಪಂಚೆಯ ಮೇಲೆ ಅಂಗೈಯಗಲ ಒದ್ದೆ. ಚಕ್ರದ ಮೇಲೂ ಒದ್ದೆ. “ಅಕ್ಕಾ, ಬಾ ಇಲ್ಲಿ, ಸೋರೈತಿ. ನಾ ಹೇಳಿದ್ದಿಲ್ಲಾ?” ಎಂದು ಕೂಗಿದ. ಅವನ ದನಿಯಲ್ಲಿ ಗೆದ್ದವನ ಖುಷಿ. ಬೆರಳಿನಿಂದ ಮುಟ್ಟಿ ನೋಡಿದ. ಜಿಗುಟಿದೆಯೋ ಎಂದು ಉಜ್ಜಿ ನೋಡಿದ. ಆಮೇಲೆ ಮೂಗಿಗೆ ಹಿಡಿದು ದೀರ್ಘವಾಗಿ ಮೂಸಿದ.

ಬ್ರೇಕ್ ಆಯಿಲ್ ಅಲ್ಲ ಎಂದು ಅವನಿಗೇ ಗೊತ್ತಾಯಿತು. ನಮ್ಮ ಓಣಿಯ ನಾಯಿ ಎದುರುಮನೆಯ ಮೆಟ್ಟಿಲ ಮೇಲೆ ಕೂತು ಇವನನ್ನೇ ನೋಡುತ್ತಿತ್ತು.

ಮೂರನೆಯದಕ್ಕೆ ರಂಗೋಲಿ ಬೇಕಾಯಿತು. ಏಟು ಬಿದ್ದ ಗಾಡಿ ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆಯುತ್ತದಂತೆ. ಎಳೆಯುತ್ತದೋ ಇಲ್ಲವೋ ತಿಳಿಯಲು ನೆಟ್ಟನೆಯ ಗೆರೆ ಬೇಕು. ಓಣಿಯ ಆ ತುದಿಯ ಬೇವಿನ ಮರದಿಂದ ನಮ್ಮ ಬಾಗಿಲವರೆಗೆ ಗೆರೆ ಎಳೆಯಲು ನನ್ನ ಸೊಸೆಗೆ ಹೇಳಿದ. ಅವಳು ಎಳೆದಳು. ಬಾಗಿಲ ಹತ್ತಿರ ಬಂದಾಗ ಕೈ ತಡೆಯಲಾರದೆ ಒಂದು ಕಮಲವನ್ನೂ ಬಿಡಿಸಿದಳು.

“ಗೆರಿ ಅಷ್ಟ ಸಾಕವಾ. ಹೂವು ಯಾಕ?”

“ಬಾಗಲ ಮುಂದ ಬರೀ ಗೆರಿ ಇದ್ರ ಚಂದ ಕಾಣಂಗಿಲ್ರಿ ಮಾಮಾ.”

ಗೆರೆಯ ತುದಿಯಲ್ಲಿ, ಕಮಲದ ನಡುವೆ, ತಮ್ಮ ಒಂದು ನಿಂಬೆಹಣ್ಣು ಇಟ್ಟ. ಬೇವಿನ ಮರದಿಂದ ಜೋರಾಗಿ ಬಂದು ಬ್ರೇಕ್ ಒತ್ತಬೇಕು, ಚಕ್ರ ಗೆರೆ ಬಿಡಬಾರದು, ನಿಂಬೆಹಣ್ಣನ್ನು ಮುಟ್ಟಬಾರದು. ಇದು ಅವನ ಲೆಕ್ಕ.

ಓಣಿಯವರ ಲೆಕ್ಕ ಬೇರೆ. ರಂಗೋಲಿ ಇದೆ, ನಿಂಬೆಹಣ್ಣು ಇದೆ, ಕಾರು ಇದೆ ಎಂದಮೇಲೆ ಪೂಜೆಯೇ ಎಂದುಕೊಂಡರು. ಒಬ್ಬರು ಊದಿನಕಡ್ಡಿ ತಂದರು, ಒಬ್ಬರು ತೆಂಗಿನಕಾಯಿ ತಂದರು. ಎದುರುಮನೆಯಾಕೆ ಬಾನೆಟ್ಟಿಗೆ ಕುಂಕುಮ ಹಚ್ಚಿದಳು. ತಮ್ಮ ಇದ್ಯಾವುದನ್ನೂ ನೋಡದೆ ಗಾಡಿಯಲ್ಲಿ ಕೂತು, ಬೇವಿನ ಮರದಿಂದ ಬಂದ. ಜೋರಾಗಿ ಎಂದರೆ ಅವನ ಜೋರು. ಪಕ್ಕದಲ್ಲಿ ಒಂದು ಕೋಳಿ ಅಷ್ಟೇ ಜೋರಾಗಿ ಬರುತ್ತಿತ್ತು. ಬ್ರೇಕ್ ಒತ್ತಿದ. ಕಾರು ಗೆರೆಯ ಮೇಲೆಯೇ ನಿಂತಿತು. ನಿಂಬೆಹಣ್ಣು ಇಟ್ಟ ಹಾಗೇ ಇತ್ತು. ಇಳಿದು ಬಂದು ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ.

ಯಾರೂ ಖುಷಿಪಡಲಿಲ್ಲ.

“ಅಲ್ಲಪಾ, ಚಕ್ರಕ್ಕ ಇಟ್ಟ ನಿಂಬಿಹಣ್ಣು ಹಂಗ ಉಳಿಯಬಾರದು,” ಎಂದಳು ಎದುರುಮನೆಯಾಕೆ. “ಗಾಡಿಗೆ ದೃಷ್ಟಿ ಹೋಗಂಗಿಲ್ಲ. ಮೊದಲು ಹತ್ತಿಸು.”

“ಹತ್ತಿಸಿದ್ರ ಬ್ರೇಕ್ ಕೆಟ್ಟೈತಿ ಅಂದಂಗವ್ವಾ.”

“ಹತ್ತಿಸಲಿಲ್ಲ ಅಂದ್ರ ಗಾಡೀನ ಕೆಡತೈತಿ.”

ಓಣಿ ಎರಡು ಪಕ್ಷವಾಯಿತು. ಹಣ್ಣು ಒಡೆಯಬೇಕು ಎನ್ನುವವರು ಒಂದು ಕಡೆ, ಒಡೆಯಬಾರದು ಎನ್ನುವ ನನ್ನ ತಮ್ಮ ಒಬ್ಬನೇ ಒಂದು ಕಡೆ. ಎದುರುಮನೆಯಾಕೆ ಹಣ್ಣನ್ನು ಕಿತ್ತುಕೊಂಡು ಮತ್ತೆ ಕಮಲದ ನಡುವೆ ಇಟ್ಟಳು. ಅಷ್ಟರಲ್ಲಿ ಕೆಲಸಕ್ಕೆ ಹೊತ್ತಾಯಿತೆಂದು ನನ್ನ ಮಗ ಮೋಟಾರ್ ಸೈಕಲ್ ತೆಗೆದುಕೊಂಡು ಹೊರಟ. ಅದು ನೇರವಾಗಿ ಹಣ್ಣಿನ ಮೇಲೆಯೇ ಹೋಯಿತು. ಪಚಕ್. ಹೆಂಗಸರೆಲ್ಲ ಕೈ ಮುಗಿದರು.

ತಮ್ಮ ನಿಧಾನವಾಗಿ ನನ್ನ ಮಗನ ಹತ್ತಿರ ಹೋಗಿ, “ಇಳಿಲೇ ಕೆಳಗ. ಇದರ ಬ್ರೇಕೂ ನೋಡಬೇಕಾಗೈತಿ” ಎಂದ.

ಇದೆಲ್ಲ ನಗುವ ಮಾತು. ಆದರೆ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಇವನು ಸುಮ್ಮನಿದ್ದರೂ ಆಗುತ್ತಿತ್ತು. ಬ್ರೇಕನ್ನು ಇನ್ನೂ ನೋಡುತ್ತಿದ್ದೇವೆ ಎಂದು ಬೀಗರಿಗೆ ಫೋನ್ ಮಾಡಿ ತಾನೇ ಹೇಳಿದ! ಸುಳ್ಳು ಹೇಳಲು ಬರುವುದಿಲ್ಲವಂತೆ. ನಮ್ಮ ಓಣಿಯಿಂದ ಸಂಡೂರಿನ ಮೈನ್ಸಿಗೆ ದಿನಾ ಹೋಗುವವರೂ ಇದ್ದರು. ಸುದ್ದಿ ಅವರ ಜೊತೆ ಬಸ್ಸು ಹತ್ತಿತು. ಮರಳಿ ಬೀಗಿತ್ತಿಯ ಫೋನ್ ಬಂದಾಗ ನಾನೇ ಎತ್ತಿದೆ.

“ಯಾರ್ರಿ ಮಾತಾಡೋದು?”

“ನಾನ ರೀ. ಹುಡುಗಿ ಸೋದರತ್ತಿ.”

ಆ ಕಡೆಯಿಂದ ದನಿ ಏರಿತು.

“ನೀವು ದವಾಖಾನ್ಯಾಗ ಇಲ್ಲೇನ್ರಿ?”

“ಇಲ್ರಿ, ಒಲಿ ಮುಂದ ಅದೀನಿ. ರೊಟ್ಟಿ ಬಡಿಯಾಕತ್ತೀನಿ.”

“ಗಾಡಿ ಗುಡ್ಡದ ಮ್ಯಾಲಿಂದ ಪಲ್ಟಿ ಹೊಡದು, ನಿಮ್ಮ ಸೊಂಟ ಮುರದೈತಿ ಅಂದ್ರು.”

“ಹೌದೇನ್ರಿ? ನನಗ ಯಾರೂ ಹೇಳಿಲ್ಲ ನೋಡ್ರಿ.”

ಬೀಗಿತ್ತಿ ನಗಲಿಲ್ಲ. ನಾಳೆ ತಾವೇ ಬಂದು ನೋಡುವುದಾಗಿ ಹೇಳಿದರು. ಬ್ರೇಕ್ ಸರಿಯಿದ್ದರೆ ಕಳಿಸುತ್ತೇನೆ, ಇಲ್ಲದಿದ್ದರೆ ಬಾಣಂತನ ಸಂಡೂರಿನಲ್ಲೇ ಆಗಲಿ, ಹುಡುಗಿ ನಮಗೇನು ಭಾರವಲ್ಲ ಎಂದರು. ನಾನು ಹೇಳಿದ್ದನ್ನು ಕೇಳಿ ತಮ್ಮ ಕಟ್ಟೆಯ ಮೇಲೆ ಕೂತವನು ಬಹಳ ಹೊತ್ತು ಏಳಲಿಲ್ಲ. ಅವತ್ತು ಸಂಜೆ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಓಣಿಯವರು ಬಂದು, ಇವತ್ತು ಏನೂ ಇಲ್ಲವೇ ಎಂದು ಕೇಳಿ ಹೋದರು.

ಮರುದಿನ ಮುಂಜಾನೆ ಎದ್ದು ನೋಡಿದರೆ ಹೊಸ ವೇಷ. ನಮ್ಮ ಹಿತ್ತಾಳೆಯ ತಂಬಿಗೆಯಲ್ಲಿ ಕಂಠದವರೆಗೆ ನೀರು ತುಂಬಿ, ಅದನ್ನು ಹೊಟ್ಟೆಯ ಮೇಲೆ ನನ್ನ ಹಳೆಯ ಸೀರೆಯ ತುಂಡಿನಿಂದ ಕಟ್ಟಿಕೊಂಡು, ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಾನೆ.

“ಇದೇನೋ ಇದು?”

“ಅಕಿ ಇಲ್ಲೇ ಕುಂದ್ರತಾಳಲ್ಲಕ್ಕಾ. ಬ್ರೇಕ್ ಹಾಕಿದ್ರ ಎಷ್ಟು ಕುಲುಕತೈತಿ ನೋಡಬೇಕು.”

ನನ್ನ ಮಗನೇ ಡ್ರೈವರ್. ಲಾರಿ ಕಾಟ ಕಡಿಮೆಯೆಂದು ಹಂಪಿ ರಸ್ತೆಗೆ ಹೋದರು. ಹೋದಲ್ಲೆಲ್ಲ ಬ್ರೇಕ್ ಹಾಕಿ ನೋಡುವುದು, ಇಳಿದು ತಂಬಿಗೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದು. ಬಾಡಿಗೆ ಸೈಕಲ್ಲಿನಲ್ಲಿ ಹಂಪಿಗೆ ಹೊರಟಿದ್ದ ಫಾರಿನ್ನವರು ಕಾರನ್ನು ಹಿಂದೆ ಹಾಕಿ ಹೋದರಂತೆ. ಅವರಲ್ಲಿ ಒಬ್ಬಳು ತಿರುಗಿ ಬಂದು, ಹೊಟ್ಟೆಗೆ ತಂಬಿಗೆ ಕಟ್ಟಿಕೊಂಡ ಇವನಿಗೆ ಭಕ್ತಿಯಿಂದ ಕೈ ಮುಗಿದು, ಫೋಟೋ ತೆಗೆದುಕೊಂಡಳಂತೆ. ಯಾವ ದೇಶದಲ್ಲಿ ಯಾವ ಗೋಡೆಯ ಮೇಲೆ ನನ್ನ ತಮ್ಮ ಸ್ವಾಮಿಯಾಗಿ ತೂಗುತ್ತಿದ್ದಾನೋ ಏನೋ.

ಅವರು ಮರಳಿ ಬರುವುದಕ್ಕೂ ಬೀಗಿತ್ತಿ ಆಟೋದಿಂದ ಇಳಿಯುವುದಕ್ಕೂ ಸರಿಹೋಯಿತು. ಇವನು ಕಾರಿನಿಂದ ಇಳಿದ. ಪಂಚೆ ಮುಂದೆಲ್ಲ ತೊಯ್ದು ತೊಪ್ಪೆ. ಬೀಗಿತ್ತಿ ಮೇಲಿನಿಂದ ಕೆಳಗಿನತನಕ ನೋಡಿದರು.

“ಏನ್ರಿ ಬೀಗರ ಇದು?”

“ನೋಡಿದ್ನಿರಿ. ಎಡಕ್ಕ ಕುಂತ್ರ ಹೆಚ್ಚು ಕುಲುಕತೈತಿ. ನಡುವ ಕುಂತ್ರ ಕಡಿಮಿ ಐತಿ. ನಡುವ ಕುಂದ್ರಸ್ತೀನ್ರಿ.”

ಅವರು ಆಗಲೂ ನಗಲಿಲ್ಲ. ಆದರೆ ಸೆರಗನ್ನು ಒಮ್ಮೆ ಬಾಯಿಗೆ ಒತ್ತಿಕೊಂಡರು. ಆಮೇಲೆ, “ಬ್ರೇಕ್ ಚಲೋ ಐತಿ ಅಂತ ನೀವು ಒಂದು ಮಾತು ಹೇಳ್ರಿ, ಸಾಕು” ಎಂದರು.

ನೀವೇ ಹೇಳಿ, ಆಗ ಏನು ಹೇಳಬೇಕು? ಚಲೋ ಐತಿ ಎಂದರೆ ಮುಗಿಯಿತು. ಇವನು ತಂಬಿಗೆ ಹಿಡಿದು ನಿಂತು, “ಅವತ್ತು ಹಿಡೀಲಿಲ್ರಿ. ಯಾಕ ಅಂತ ಇನ್ನೂ ಗೊತ್ತಾಗಿಲ್ಲ” ಎಂದ.

ನನಗೆ ಸಾಕಾಯಿತು. “ಹಿಡಿಯಾಕ ಇವನು ಒತ್ತೇ ಇಲ್ರಿ. ನಾ ಹಿಂದ ಕುಂತಿದ್ದೆ, ನೋಡೀನಿ” ಎಂದೆ.

“ಹಂಗಾರ ಗಾಡಿ ಚಲೋ ಐತಿ, ಹೊಡೆಯೋರ ಬರೋಬ್ಬರಿ ಇಲ್ಲ ಅಂದಂಗಾತಲ್ರಿ,” ಎಂದರು ಬೀಗಿತ್ತಿ.

ಆ ಮಾತು ಸುಳ್ಳಲ್ಲ. ನಾನು ಕೆಡಿಸಿಬಿಟ್ಟಿದ್ದೆ.

ನಾನು ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದೆ. ರಂಗೋಲಿಯ ಗೆರೆಯ ತುದಿಯಲ್ಲಿ, ನಿಂಬೆಹಣ್ಣು ಇದ್ದ ಕಡೆ, ಕಮಲದ ಮೇಲೆ ಹಾಕಿಕೊಂಡು ಕೂತೆ. ಎಲೆ ಅಡಿಕೆ ಚೀಲ ಮಡಿಲಲ್ಲಿ ಇಟ್ಟುಕೊಂಡೆ.

“ಹೋಗಲೇ. ಬೇವಿನ ಗಿಡದ ಕಡಿಂದ ಬಾ. ನನ್ನ ಮುಂದ ನಿಲ್ಲಸು.”

“ಬ್ಯಾಡಕ್ಕಾ.”

“ಯಾಕ, ನಿಂಬಿಹಣ್ಣಿಗೆ ಬಂದಿ, ನನ್ನ ಕಡೆ ಬರಾಕ ಏನಾತು? ಬಾ.”

ಓಣಿಯ ಟೀವಿಗಳೆಲ್ಲ ಈ ಸಲ ಯಾರೂ ಹೇಳದೆಯೇ ಆರಿದವು. ಸೊಸೆ ನನ್ನ ಕೈ ಹಿಡಿದು ಎಳೆದಳು, ಬಿಡಿಸಿಕೊಂಡೆ. ತಮ್ಮ ಬೇವಿನ ಮರದ ಹತ್ತಿರ ಹೋಗಿ ಗಾಡಿ ತಿರುಗಿಸಿಕೊಂಡ. ಹೊರಟ. ಗಾಜಿನ ಒಳಗೆ ಅವನ ಮುಖ ಕಾಣುತ್ತಿತ್ತು. ಮದುವೆಯ ದಿನವೂ ಅವನು ಅಷ್ಟು ಹೆದರಿರಲಿಲ್ಲ. ಕಾರು ಬಂತು ಬಂತು ಬಂತು ಎನ್ನುವಷ್ಟರಲ್ಲಿ ಬ್ರೇಕ್ ಒತ್ತಿದ. ನಿಂತಿತು. ಎಲ್ಲಿ? ನನ್ನಿಂದ ಇನ್ನೂ ಐದಾರು ಮನೆ ಆಚೆ!

“ಇನ್ನೂ ಮುಂದ ಬಾರೋ,” ಎಂದು ಕೂಗಿದೆ.

ಅವನು ಗಾಡಿಯಿಂದ ಇಳಿದು ನಡೆದುಕೊಂಡೇ ಬಂದ. “ಒಲ್ಲೆ. ಬೇಕಾರ ನೀನ ಅಲ್ಲಿಗೆ ಬಾ” ಎಂದ.

ಆಗ ಬೀಗಿತ್ತಿ ನಕ್ಕರು. ಸೆರಗು ಒತ್ತಿಕೊಂಡರೂ ನಿಲ್ಲದ ನಗು. “ಆತು ತಗೋರಿ. ಇಷ್ಟು ದೂರ ನಿಲ್ಲಸೋ ಮನುಷಾನ ಕೂಡ ಕಳಸಾಕ ನನಗೇನೂ ಅಂಜಿಕಿ ಇಲ್ಲ. ನಾಳೆ ಬಂದು ಕರಕೊಂಡು ಹೋಗ್ರಿ” ಎಂದರು. ನಾಡಿದ್ದು ಅಮಾವಾಸ್ಯೆ ಇತ್ತು. ರಾತ್ರಿ ನಮ್ಮಲ್ಲೇ ಉಳಿದು, ಬೆಳಿಗ್ಗೆ ಅದೇ ಕಾರಿನಲ್ಲಿ ಸಂಡೂರಿಗೆ ಹೋಗುವುದು ಎಂದಾಯಿತು.

ಊಟಕ್ಕೆ ಕೂತಾಗ ಅವರು ಸಹಜವಾಗಿ ಕೇಳಿದರು. “ಗಾಡಿದು ಆತು. ಅಲ್ರಿ ಬೀಗರ, ಕಂಪ್ಲ್ಯಾಗ ಹುಡುಗೀನ ನೋಡ್ಕೊಳ್ಳಾಕ ಯಾರದಾರ್ರಿ?”

ತಮ್ಮ ರೊಟ್ಟಿ ಮುರಿಯುತ್ತಿದ್ದವನು ಮುರಿಯುತ್ತಲೇ ಇದ್ದ. ಒಂದು ರೊಟ್ಟಿ ತಟ್ಟೆಯಲ್ಲಿ ಪುಡಿಯಾಯಿತು.

ಅದೇ ಮಾತನ್ನು ಅವತ್ತು ಸಂಡೂರಿನಲ್ಲಿ ಮಗಳೂ ಕೇಳಿದ್ದಳು. ನಾವು ಹೊರಡುವಾಗ ಕಾರಿನ ಕಿಟಕಿಯ ಹತ್ತಿರ ಬಂದು, ಅಪ್ಪನ ಹೆಗಲ ಮೇಲಿನ ಟವೆಲ್ ಸರಿಮಾಡುತ್ತ, “ಅಪ್ಪಾ, ಅಲ್ಲಿ ನನ್ನ ಕೂಡ ಯಾರಿರ್ತಾರ?” ಎಂದಿದ್ದಳು. “ನಾನಿರ್ತೀನಲ್ಲವಾ” ಎಂದ. ಅವಳು ನಕ್ಕು, “ನೀನು ಎರಿತೀಯೇನು ಕೂಸಿಗೆ? ಅದನ್ನೂ ಕೋಲು ಹಚ್ಚಿ ನೋಡ್ತಿ” ಎಂದಳು. ಇವನೂ ನಕ್ಕ.

ಅಲ್ಲಿಂದ ಹೊರಟು ಗುಡ್ಡದ ತಿರುವು ದಾಟಿದೆವು. ಕಾರಿನ ಒಳಗಿನ ಕನ್ನಡಿಯಲ್ಲಿ ಹಿಂದೆ ಕೂತವರಿಗೆ ಮುಂದೆ ಕೂತವರ ಕಣ್ಣು ಕಾಣುತ್ತದೆ. ಅವು ತುಂಬಿಬಂದದ್ದು ನನಗೆ ಕಂಡಿತು. ಇವನು ಹೆಗಲಿನಿಂದ ಟವೆಲ್ ಎಳೆದು ಮುಖಕ್ಕೆ ಒತ್ತಿಕೊಂಡ. ಒಂದು ಕೈ ಟವೆಲಿನಲ್ಲಿ, ಎರಡು ಕಣ್ಣೂ ಟವೆಲಿನಲ್ಲಿ. ಅದೇ ಹೊತ್ತಿಗೆ ಆ ಕಲ್ಲು. ಬ್ರೇಕಿನ ಮೇಲೆ ಕಾಲು ಹೋಗುವುದು ಎಲ್ಲಿಂದ ಬಂತು?

ಈಗ ಊಟದ ತಟ್ಟೆಯಲ್ಲಿ ಇವನು ಬೀಗಿತ್ತಿಗೆ ಉತ್ತರ ಹುಡುಕುತ್ತಿದ್ದ. ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, “ಉಣ್ರಿ, ಆಮ್ಯಾಲೆ ಮಾತಾಡೋಣು” ಎಂದೆ.

ಮರುದಿನ ಬೆಳಿಗ್ಗೆ ಎದ್ದು ಟ್ರಂಕು ತುಂಬಿದೆ. ಸೀರೆ, ಮಂಡಿಗೆ ಹಚ್ಚುವ ಎಣ್ಣೆ, ಕೂಸಿಗೆ ಹಾಸಲು ಹಳೆಯ ಮೆತ್ತನೆಯ ಬಟ್ಟೆ, ಬಜೆ, ಅಡಿಕೆ ಕುಟ್ಟುವ ಕಲ್ಲು. ನನ್ನ ರೊಟ್ಟಿ ಹಂಚನ್ನೂ ಗೋಣಿಯಲ್ಲಿ ಸುತ್ತಿದೆ. ಕಂಪ್ಲಿಯ ಹಂಚು ನನಗೆ ಆಗುವುದಿಲ್ಲ. ಎಲ್ಲವನ್ನೂ ಮಗನ ಕೈಯಿಂದ ಡಿಕ್ಕಿಗೆ ಹಾಕಿಸಿದೆ. ತಮ್ಮ ನೋಡುತ್ತ ನಿಂತಿದ್ದ. ಬೀಗಿತ್ತಿಯನ್ನು ಹಿಂದೆ, ನಡುವೆ, ಕುಲುಕದ ಕಡೆ ಕೂರಿಸಿ, ನಾನು ಈ ಸಲ ಮುಂದೆ ಅವನ ಪಕ್ಕದಲ್ಲಿ ಕೂತೆ. ಅವನ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ.

ಹೊಸಪೇಟೆ ದಾಟುವವರೆಗೂ ಎತ್ತಿನ ಗಾಡಿಯೂ ನಮ್ಮನ್ನು ಹಿಂದೆ ಹಾಕಿತು. “ಬ್ರೇಕ್ ಚಲೋ ಐತಿ ಅಂತ ಊರಿಗೆಲ್ಲ ಗೊತ್ತಾಗೈತಿ. ಇನ್ನ ಅದರ ಮ್ಯಾಲಿಂದ ಕಾಲು ತಗಿ” ಎಂದೆ. ತೆಗೆದ. ಗುಡ್ಡ ಹತ್ತಿರ ಬಂತು. ಆ ಕಲ್ಲು ಬಿದ್ದಿದ್ದ ಜಾಗ. ಅವನ ಎಡಗೈ ಮೆಲ್ಲಗೆ ಹೆಗಲಿಗೆ ಹೋಯಿತು. ಅಲ್ಲಿ ಟವೆಲ್ ಇರಲಿಲ್ಲ.

“ಅಕ್ಕಾ, ಟವೆಲ್ ಕೊಡು.”

“ಮೊದಲು ಗಾಡಿ ನಿಲ್ಲಸು.”

ಬ್ರೇಕ್ ಒತ್ತಿದ. ಗಾಡಿ ನಿಂತಿತು. ಆಮೇಲೆ ಕೊಟ್ಟೆ.